ಎಲ್ಲರಿಗೂ ಹೇಳಿದ ವ್ಯಾಯಾಮ, ನಮ್ಮ ನಮ್ಮ ಮೈ



ದಿನಕ್ಕೆ 10,000 ಹೆಜ್ಜೆ ನಡೆಯಬೇಕು ಎನ್ನುವ ಮಾತು ಈಗ ಯಾರಿಗೆ ಗೊತ್ತಿಲ್ಲ? ಮೊಬೈಲ್ ಹೇಳುತ್ತದೆ, ಕೈಗೆ ಕಟ್ಟಿದ ವಾಚು ಹೇಳುತ್ತದೆ, ಬೆಳಗ್ಗೆ ಪಾರ್ಕಿನಲ್ಲಿ ಎದುರಾದವರು ಹೇಳುತ್ತಾರೆ. ರಾತ್ರಿ ಮಲಗುವ ಹೊತ್ತಿಗೆ ಲೆಕ್ಕ ಒಂಬತ್ತು ಸಾವಿರದ ಚಿಲ್ಲರೆಗೆ ನಿಂತಿದೆ ಎಂದು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಡಿ ಸಂಖ್ಯೆ ತುಂಬಿಸುವವರೂ ಇದ್ದಾರೆ. ಮಂಡಿ ಊದಿಕೊಂಡಿದ್ದರೂ ತುಂಬಿಸುತ್ತಾರೆ. ನನ್ನನ್ನು ಕಾಡುವುದು ಅದೇ.

ಈ 10,000 ಯಾವ ವೈದ್ಯರೂ ಅಳೆದು ಕೊಟ್ಟ ಪ್ರಮಾಣವಲ್ಲ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಯಿತು. ಜಪಾನಿನಲ್ಲಿ ಮೈ ಗಟ್ಟಿ ಮಾಡಿಕೊಳ್ಳುವ ಹುಮ್ಮಸ್ಸು ಹಬ್ಬಿತು. ಮರುವರ್ಷ ಯಮಾಸಾ ಎಂಬ ಗಡಿಯಾರದ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಕೆಯ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಇಟ್ಟ ಹೆಸರೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು. ನೆನಪಿನಲ್ಲಿ ಉಳಿಯುವ ದುಂಡು ಸಂಖ್ಯೆ, ಹಾಗಾಗಿ ಲೋಕವೆಲ್ಲ ಸುತ್ತಿತು. ಐದು ದಶಕ ಕಳೆದ ಮೇಲೆ, 2019ರಲ್ಲಿ, ಹಾರ್ವರ್ಡಿನ ಐ-ಮಿನ್ ಲೀ ಮತ್ತು ಅವರ ಸಂಗಡಿಗರು ಅಮೆರಿಕದ 16,000ಕ್ಕೂ ಹೆಚ್ಚು ಹಿರಿಯ ಹೆಂಗಸರ ಹೆಜ್ಜೆಗಳನ್ನು ಯಂತ್ರದಿಂದ ಎಣಿಸಿ ನೋಡಿದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ 2,700ರಷ್ಟು ಹೆಜ್ಜೆ ಹಾಕುವವರಿಗೆ ಹೋಲಿಸಿದರೆ 4,400 ಹಾಕುವವರಲ್ಲಿಯೇ ಸಾವಿನ ಪ್ರಮಾಣ ಎದ್ದುಕಾಣುವಷ್ಟು ಕಡಿಮೆಯಿತ್ತು. 7,500ರ ಹೊತ್ತಿಗೆ ಲಾಭ ಏರುವುದು ನಿಂತಿತ್ತು. ಊದಿದ ಮಂಡಿಯಲ್ಲಿ ರಾತ್ರಿ ಹತ್ತಕ್ಕೆ ಹಾಲಿನಲ್ಲಿ ಸುತ್ತುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ನಾನು ಫಿಸಿಯೋಥೆರಪಿ ಕೆಲಸದವಳು. ಬೆನ್ನು, ಭುಜ, ಮಂಡಿ ಎಂದು ಬರುವವರ ಜೊತೆಯಲ್ಲೇ ನನ್ನ ದಿನ ಕಳೆಯುತ್ತದೆ. ವ್ಯಾಯಾಮದ ವಿರುದ್ಧ ಮಾತಾಡಲು ನಾನು ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ನನಗೆ ಪೂರ್ತಿ ಒಪ್ಪಿಗೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಶ್ರಮ ಮಾಡಬೇಕು, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು, 65 ದಾಟಿದವರು ಜೋಲಿ ತಪ್ಪದಂತೆ ನಿಲ್ಲುವ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು. ಲಕ್ಷಾಂತರ ಜನರನ್ನು ಗಮನಿಸಿ ತೆಗೆದ ಸಾರ ಇದು. ಕಷ್ಟ ಬರುವುದು ಲಕ್ಷಾಂತರ ಜನರ ಸಾರವನ್ನು ಒಬ್ಬ ಮನುಷ್ಯನ ಮೈಮೇಲೆ ಹಾಗೇ ಹೇರಿದಾಗ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಚಳ್ಳಕೆರೆ ಕಡೆ 500ರ ಆಸುಪಾಸು. ಕರ್ನಾಟಕದ ಸರಾಸರಿ ಮಳೆ ಹಿಡಿದುಕೊಂಡು ಈ ಎರಡೂರಿನ ರೈತರು ಬಿತ್ತನೆಗೆ ಇಳಿದರೆ ಏನಾದೀತು, ನೀವೇ ಹೇಳಿ.

ಸರಾಸರಿಯ ಒಳಗೆ ಎಷ್ಟು ಬಗೆಯ ಜನ ಅಡಗಿರುತ್ತಾರೆ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ‘ಹೆರಿಟೇಜ್’ ಎಂಬ ಅಧ್ಯಯನ. ಕ್ಲೋಡ್ ಬುಶಾರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1999ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. 98 ಕುಟುಂಬಗಳ 481 ಮಂದಿ, ಒಬ್ಬರಿಗೂ ಮೊದಲು ವ್ಯಾಯಾಮದ ರೂಢಿ ಇರಲಿಲ್ಲ. ಅವರೆಲ್ಲರಿಗೂ 20 ವಾರ, ಕಣ್ಣೆದುರಿಗೇ ಕೂರಿಸಿ, ಪ್ರಯೋಗಾಲಯದ ಸೈಕಲ್ ತುಳಿಸಿದರು. ಯಾರೂ ಕಳ್ಳಾಟ ಆಡುವಂತಿರಲಿಲ್ಲ. ಕೊನೆಗೆ, ಗರಿಷ್ಠ ಶ್ರಮದಲ್ಲಿ ಮೈ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ಅಳೆದರು. ಸರಾಸರಿ ಹೆಚ್ಚಳ ಸುಮಾರು 400 ಮಿಲಿಲೀಟರ್. ಚೆನ್ನಾಗಿದೆ. ಆದರೆ ಒಬ್ಬೊಬ್ಬರನ್ನೇ ತೆಗೆದು ನೋಡಿದಾಗ ಕೆಲವರಲ್ಲಿ ಒಂದು ಲೀಟರಿಗೂ ಹೆಚ್ಚು ಏರಿತ್ತು, ಕೆಲವರಲ್ಲಿ ಏರಿಕೆಯೇ ಇರಲಿಲ್ಲ. ಒಂದೇ ಮನೆಯವರ ನಡುವೆ ಇದ್ದ ವ್ಯತ್ಯಾಸಕ್ಕಿಂತ ಮನೆಯಿಂದ ಮನೆಗೆ ಇದ್ದ ವ್ಯತ್ಯಾಸ ಹೆಚ್ಚು. ಈ ವ್ಯತ್ಯಾಸದ ಸುಮಾರು ಅರ್ಧದಷ್ಟು ವಂಶದಿಂದ ಬಂದದ್ದಿರಬಹುದು ಎಂದು ಅವರ ಲೆಕ್ಕ ಹೇಳಿತು.

ಇದನ್ನು ಓದಿದಾಗಿನಿಂದ ನನ್ನ ಬಾಯಿಂದ ‘ಸೋಮಾರಿ’ ಎಂಬ ಮಾತು ಬರುವುದಿಲ್ಲ. ಇಬ್ಬರು ವಾರಗಿತ್ತಿಯರು ಜೊತೆಯಾಗಿ ಒಂದೇ ಪಾರ್ಕಿನಲ್ಲಿ ಒಂದೇ ಸಮಯ ನಡೆಯುತ್ತಾರೆ ಅಂದುಕೊಳ್ಳಿ. ಆರು ತಿಂಗಳಿಗೆ ಒಬ್ಬಾಕೆ ಮೂರು ಮಹಡಿ ಹತ್ತಿದರೂ ಏದುಸಿರು ಬಿಡುವುದಿಲ್ಲ, ಇನ್ನೊಬ್ಬಾಕೆ ಮೊದಲ ಮಹಡಿಯಲ್ಲೇ ಕಂಬಿ ಹಿಡಿದು ನಿಲ್ಲುತ್ತಾಳೆ. ಮನೆಯಲ್ಲಿ ಮಾತು ಶುರುವಾಗುತ್ತದೆ: ‘ಅವಳು ನಿಯತ್ತಾಗಿ ನಡೀತಾಳೆ, ಇವಳು ಹರಟೆ ಹೊಡೀತಾ ನಡೀತಾಳೆ’. ಪಾಪ, ಆಕೆ ಇನ್ನೊಬ್ಬಳಷ್ಟೇ ನಿಯತ್ತಾಗಿ ನಡೆದಿರುತ್ತಾಳೆ. ಅಂಥವರಿಗೆ ವೇಗವನ್ನೋ ಅವಧಿಯನ್ನೋ ಬದಲಿಸಿದರೆ ಫಲ ಸಿಗುವುದುಂಟು. ಉಸಿರಿನ ಶಕ್ತಿ ಏರದಿದ್ದರೂ ಸಕ್ಕರೆಯೋ ರಕ್ತದೊತ್ತಡವೋ ಇಳಿದಿರಬಹುದು. ಆದರೆ ಇದನ್ನು ಕಂಡುಹಿಡಿಯಲು ಆಕೆಯನ್ನೇ ಅಳೆಯಬೇಕು. ವಾರಗಿತ್ತಿಯನ್ನು ಅಳೆದು ಆಕೆಗೆ ತೀರ್ಪು ಕೊಡಬಾರದು.

ಜಿಮ್ಮಿನ ಗೋಡೆಯ ಮೇಲೆ ಒಂದು ಪಟ್ಟಿ ತೂಗುಹಾಕಿರುವುದನ್ನು ನೀವು ಕಂಡಿರಬಹುದು. 220ರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಅದೇ ನಿಮ್ಮ ಹೃದಯದ ಗರಿಷ್ಠ ಬಡಿತ, ಅದರ ಶೇ. 70ರಲ್ಲಿ ವ್ಯಾಯಾಮ ಮಾಡಿ ಎನ್ನುತ್ತದೆ ಅದು. 1970ರ ಸುಮಾರಿಗೆ ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬ ಇಬ್ಬರು ಅಮೆರಿಕದ ತಜ್ಞರು ಹಲವು ಅಧ್ಯಯನಗಳ ಬಿಂದುಗಳ ನಡುವೆ ಎಳೆದ ಒರಟು ಗೆರೆ ಅದು. ಅರವತ್ತರ ವ್ಯಕ್ತಿಗೆ ಅದು 160 ಎನ್ನುತ್ತದೆ. ನಿಜದಲ್ಲಿ ಒಬ್ಬರದು 140 ಇದ್ದೀತು, ಇನ್ನೊಬ್ಬರದು 180 ಇದ್ದೀತು. ಇನ್ನು ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ನುಂಗುವವರ ಕಥೆಯೇ ಬೇರೆ. ಆ ಮಾತ್ರೆಯ ಕೆಲಸವೇ ಬಡಿತವನ್ನು ಹತ್ತಿಕ್ಕುವುದು. ಅವರು ಟ್ರೆಡ್‌ಮಿಲ್ ಮೇಲೆ ನಿಂತು ಪಟ್ಟಿಯ ಸಂಖ್ಯೆ ಮುಟ್ಟಲೇಬೇಕು ಎಂದು ಹಟ ಹಿಡಿದರೆ ಮೈ ದಣಿದು ಕುಸಿದೀತೇ ವಿನಾ ಬಡಿತ ಅಲ್ಲಿಗೆ ಏರುವುದಿಲ್ಲ. ಪಟ್ಟಿಗೆ ಅವರ ಮಾತ್ರೆ ಗೊತ್ತಿಲ್ಲವಲ್ಲ.

ಎತ್ತರ, ತೂಕದ ಲೆಕ್ಕವೂ ಅಷ್ಟೆ. ಬಿಎಂಐ ಎಂದು ಕರೆಯುವ ಆ ಭಾಗಾಕಾರವನ್ನು 1830ರ ದಶಕದಲ್ಲಿ ರೂಪಿಸಿದವರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದ ಪಂಡಿತರು. ಜನಸಮೂಹವನ್ನು ವರ್ಣಿಸುವುದು ಅವರ ಗುರಿಯಾಗಿತ್ತು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ 22.3, ಒಂದು ಅಂಶವೂ ಹೆಚ್ಚುಕಡಿಮೆ ಇಲ್ಲ. ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ‘ನಾನು ಸಣ್ಣಗಿದ್ದೇನೆ, ನನಗೇಕೆ ವ್ಯಾಯಾಮ’ ಎನ್ನುವ ನಮ್ಮ ಕಡೆಯ ಎಷ್ಟೋ ಮಂದಿಗೆ ನಾನು ಈ ಎರಡು ಸಂಖ್ಯೆ ಹೇಳುತ್ತೇನೆ.

ಈಗ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ವಯಸ್ಸು ಎಪ್ಪತ್ತರ ಹತ್ತಿರ, ತೆಳ್ಳನೆಯ ಮೈ, ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿತ್ತು. ಎಡಗೈಯನ್ನು ಸೊಂಟದ ಮೇಲೆ ಒತ್ತಿ ಹಿಡಿದುಕೊಂಡೇ ಒಳಗೆ ಬಂದರು. ಕುರ್ಚಿ ಕೊಟ್ಟರೆ ಒಂದೇ ಸಲಕ್ಕೆ ಕೂರಲಿಲ್ಲ. ಮೊದಲು ಮೇಜು ಹಿಡಿದರು, ಆಮೇಲೆ ಕುರ್ಚಿಯ ಕೈ ಹಿಡಿದರು, ಉಸಿರು ಬಿಗಿಹಿಡಿದು ಇಳಿದರು. ಬೆಳಗ್ಗೆ ಟಿವಿಯಲ್ಲಿ ಬರುವ ಯೋಗಾಸನ ನೋಡಿ ಮಾಡುತ್ತಿದ್ದರಂತೆ. ಕಾಲು ಚಾಚಿ ಕೂತು ಹಣೆಯನ್ನು ಮಂಡಿಗೆ ತಾಗಿಸುವ ಪಶ್ಚಿಮೋತ್ತಾನಾಸನ. ‘ಮಂಡಿಗೆ ಹಣೆ ತಾಗ್ಬೇಕು ಅಂದ್ರು ಮೇಡಂ. ನನಗೆ ನಾಲ್ಕು ಬೆರಳು ಕಡಿಮೆ ಬೀಳ್ತಿತ್ತು. ಅದಕ್ಕೇ ಮೊಮ್ಮಗನಿಗೆ ಬೆನ್ನು ಅದುಮು ಅಂದೆ’ ಎಂದರು. ಹುಡುಗ ಪ್ರೀತಿಯಿಂದಲೇ ಅದುಮಿದ್ದಾನೆ. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಮುಂಬದಿಯಲ್ಲಿ ಜಜ್ಜಿ ಬೆಣೆಯ ಆಕಾರಕ್ಕೆ ಬಂದಿತ್ತು. ಅವರ ಮೂಳೆ ಟೊಳ್ಳಾಗಿದೆ ಎಂದು ಅಲ್ಲಿಯವರೆಗೆ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ಟೊಳ್ಳಾದ ಮೂಳೆಯವರು ಬೆನ್ನನ್ನು ಮುಂದಕ್ಕೆ ಬಾಗಿಸುವುದು ಅಪಾಯ ಎಂಬುದು ಹೊಸ ತಿಳಿವಳಿಕೆಯೂ ಅಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನಿಂದ 1984ರಲ್ಲೇ ಒಂದು ಅಧ್ಯಯನ ಬಂದಿತ್ತು. ಮೂಳೆ ಸವೆದ, ಮುಟ್ಟು ನಿಂತ 59 ಹೆಂಗಸರಲ್ಲಿ ಬೆನ್ನನ್ನು ಮುಂದಕ್ಕೆ ಬಾಗಿಸುವ ವ್ಯಾಯಾಮ ಮಾತ್ರ ಮಾಡಿದವರ ಪೈಕಿ ಶೇ. 89 ಮಂದಿಗೆ ಮತ್ತೆ ಬೆನ್ನುಮೂಳೆ ಕುಸಿಯಿತು. ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಅದು ಶೇ. 16. ಗುಂಪು ಚಿಕ್ಕದು, ನಿಜ. ಆದರೂ ಇಷ್ಟು ದೊಡ್ಡ ಅಂತರವನ್ನು ಕಂಡೂ ಕಾಣದಂತೆ ಇರಲಾಗದು. ಇಪ್ಪತ್ತರ ಹುಡುಗಿಗೆ ಆ ಆಸನದಿಂದ ಒಳಿತೇ ಆಗುತ್ತದೆ. ಟಿವಿಯಲ್ಲಿ ಹೇಳಿಕೊಟ್ಟವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಪರದೆಯ ಈಚೆ ಕೂತ ಈ ತಾಯಿ ಕಾಣುತ್ತಿರಲಿಲ್ಲ, ಅಷ್ಟೆ. ಈಗ ಆ ತಾಯಿ ಹೊಟ್ಟೆಯಡಿಗೆ ದಿಂಬಿಟ್ಟುಕೊಂಡು ಬೋರಲು ಮಲಗಿ ಎದೆಯನ್ನು ಒಂದು ಗೇಣಿಗಿಂತ ಕಡಿಮೆ ಎತ್ತುತ್ತಾರೆ, ಗೋಡೆಗೆ ಬೆನ್ನು ಆನಿಸಿ ನೆಟ್ಟಗೆ ನಿಲ್ಲುವ ಅಭ್ಯಾಸ ಮಾಡುತ್ತಾರೆ. ನೆಲಕ್ಕೆ ಬಿದ್ದ ವಸ್ತು ಎತ್ತಬೇಕಾದರೆ ಬೆನ್ನು ಬಗ್ಗಿಸದೆ ಮಂಡಿ ಮಡಿಸುವುದನ್ನು ಮೊಮ್ಮಗನೇ ನೆನಪಿಸುತ್ತಾನಂತೆ.

ತಲೆ ಕೆಳಗಾಗುವ ಆಸನಗಳಲ್ಲೂ ಇಂಥದೇ ಅಪಾಯವಿದೆ. ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು ಯೋಗಾಭ್ಯಾಸಿಗಳ ಕಣ್ಣಿನ ಒತ್ತಡವನ್ನು ಶೀರ್ಷಾಸನದ ವೇಳೆ ಅಳೆದು 2006ರಲ್ಲಿ ಪ್ರಕಟಿಸಿದರು. ಒತ್ತಡ ಹೆಚ್ಚುಕಡಿಮೆ ಎರಡರಷ್ಟಾಗುತ್ತಿತ್ತು. ಆರೋಗ್ಯವಾದ ಕಣ್ಣು ಅದನ್ನು ತಡೆದುಕೊಂಡೀತು. ಗ್ಲಾಕೋಮ ಇರುವವರು ಶೀರ್ಷಾಸನದ ಗೊಡವೆಗೆ ಹೋಗಬಾರದು, ಕಣ್ಣಿನ ವೈದ್ಯರನ್ನು ಕೇಳದೆ ಸರ್ವಾಂಗಾಸನವನ್ನೂ ಮಾಡಬಾರದು.

ಯೋಗದ ಮಾತು ಬಂತು ಎಂದಮೇಲೆ ನಮ್ಮ ಮೈಸೂರನ್ನು ನೆನೆಯದೆ ಮುಂದೆ ಹೋಗಲಾರೆ. ಇಂದು ಜಗತ್ತು ಕಲಿಯುವ ಆಸನಗಳ ದೊಡ್ಡ ಪಾಲು ಜಗನ್ಮೋಹನ ಅರಮನೆಯ ಯೋಗಶಾಲೆಯಿಂದ ಹೊರಟದ್ದು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅಲ್ಲಿ ಹುಡುಗರಿಗೆ ಪಾಠ ಹೇಳಿದರು. 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು ಅವರ ಶಿಷ್ಯರು, ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರೂ ಅವರ ಶಿಷ್ಯರೇ. ಗುರು ಒಬ್ಬರೇ ಆದರೂ ಇಬ್ಬರ ದಾರಿ ಬೇರೆ. ಜೋಯಿಸರದು ಬೆವರಿಳಿಸುವ ಸರಣಿ. ಬಾಲ್ಯದಲ್ಲಿ ಕಾಯಿಲೆಗಳಿಂದ ನರಳಿ ಬಂದ ಅಯ್ಯಂಗಾರ್ಯರು ಪುಣೆಯಲ್ಲಿ ಹಗ್ಗ, ಮರದ ಇಟ್ಟಿಗೆ, ಪಟ್ಟಿ, ಮಡಚುವ ಕುರ್ಚಿಗಳನ್ನು ಆಸನಕ್ಕೆ ಜೋಡಿಸಿದರು. ಕೈ ನೆಲ ಮುಟ್ಟದವರಿಗೆ ನೆಲವನ್ನೇ ಎತ್ತರಿಸಿ ಕೊಟ್ಟರು. ಕೃಷ್ಣಮಾಚಾರ್ಯರೇ ಮುಂದೆ ಮದ್ರಾಸಿನಲ್ಲಿ ನೆಲೆಸಿದ ಮೇಲೆ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ವಯಸ್ಸು, ಬಲ, ಕಸುಬು ವಿಚಾರಿಸಿ, ಅವರವರಿಗೆ ತಕ್ಕದ್ದನ್ನು ಹೇಳಿಕೊಟ್ಟರು. ಅವರ ಮಗ ದೇಶಿಕಾಚಾರ್ ಅದನ್ನೇ ಮುಂದುವರಿಸಿದರು. ಅರಮನೆಯ ಶಾಲೆಯಲ್ಲಿ ಹುಡುಗರನ್ನು ಹಾರಿಸಿ ನೆಗೆಸಿದ ಗುರು ಮದ್ರಾಸಿನ ಮುದುಕರಿಗೆ ಅದನ್ನೇ ಹೇಳಲಿಲ್ಲ. ಪುಸ್ತಕದ ಚಿತ್ರ ನೋಡಿ ಕಲಿಯುವವರಿಗೆ ಸಿಗದೆ ಹೋಗುವುದು ಈ ವಿಚಾರಣೆಯೇ.

ಮೈಸೂರಿನ ಗರಡಿಮನೆಗಳಲ್ಲೂ ಇದೇ ಕ್ರಮ. ಹೊಸ ಹುಡುಗನಿಗೆ ಎಷ್ಟು ದಂಡ, ಎಷ್ಟು ಬಸ್ಕಿ ಎಂದು ಉಸ್ತಾದರು ಅವನ ತೊಡೆ ನಡುಗುವುದನ್ನು ನೋಡಿ ಹೇಳುತ್ತಿದ್ದರು. ಅದಕ್ಕೂ ಹಿಂದೆ ಹೋದರೆ, ಆಯುರ್ವೇದದ ‘ಅಷ್ಟಾಂಗ ಹೃದಯ’ದಲ್ಲಿ ವಾಗ್ಭಟ ವ್ಯಾಯಾಮಕ್ಕೆ ಇಟ್ಟ ಅಳತೆ ಅರ್ಧಶಕ್ತಿ. ಅದೂ ಬಲಶಾಲಿಗಳಿಗೆ, ಜಿಡ್ಡಿನ ಊಟ ಉಣ್ಣುವವರಿಗೆ, ಚಳಿಗಾಲ ಮತ್ತು ವಸಂತದಲ್ಲಿ. ಉಳಿದವರಿಗೆ, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ. ಆ ಅರ್ಧ ಯಾರದ್ದು? ಮಾಡುವವನದ್ದೇ. ನಿಮಿಷವನ್ನೋ ಹೆಜ್ಜೆಯನ್ನೋ ಹಿಡಿಯದೆ ಅವರವರ ತಾಕತ್ತನ್ನೇ ಅಳತೆಗೋಲು ಮಾಡಿದ ಆ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇಂದು ನಾವು ಹೇಳುವ ಮಾತಿನ ಪರೀಕ್ಷೆಯೂ ಅದರ ಬಂಧುವೇ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡು ಮಾತಿಗೆ ಉಸಿರು ಸಾಲದಿದ್ದರೆ ವೇಗ ಇಳಿಸಿ. ಬಡಿತದ ಮಾತ್ರೆ ನುಂಗುವವರಿಗೂ ಇದು ಗೋಡೆಯ ಪಟ್ಟಿಗಿಂತ ಹೊಂದುತ್ತದೆ.

ಆದರೆ ಉಸಿರು ಸಾಲದಿರುವುದಕ್ಕೆ ಅಭ್ಯಾಸವಿಲ್ಲದಿರುವುದೊಂದೇ ಕಾರಣವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ‘ಚುರುಕಾಗಿ ನಡೀರಿ, ಸುಸ್ತು ತಾನಾಗೇ ಹೋಗುತ್ತೆ’ ಎಂಬ ಸಲಹೆ ಅಂಥ ಹೆಂಗಸಿನ ಕಿವಿಗೆ ಬಿದ್ದರೆ ಆಕೆ ತನ್ನನ್ನೇ ಬೈದುಕೊಳ್ಳುತ್ತಾಳೆ. ಆಕೆಗೆ ಮೊದಲು ಬೇಕಾದದ್ದು ಹಿಮೊಗ್ಲೋಬಿನ್ ಪರೀಕ್ಷೆ, ಕಬ್ಬಿಣದ ಮಾತ್ರೆ. ನಡಿಗೆ ಆಮೇಲೆ. ಇಡೀ ದಿನ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿ ಬಂದವಳಿಗೆ ಸಂಜೆ ಅರ್ಧ ಗಂಟೆ ವಾಕಿಂಗ್ ಹೋಗಮ್ಮ ಎನ್ನುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ. ಆಕೆಗೆ ಬೇಕಾದದ್ದು ಸೊಂಟ ನೀವಿಕೊಳ್ಳುವ, ಬೆನ್ನು ಹಿಂದಕ್ಕೆ ಚಾಚುವ ಐದು ನಿಮಿಷ, ಮತ್ತು ವಿಶ್ರಾಂತಿ.

ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು. ಬೆಳಗ್ಗೆ ಬರಿಹೊಟ್ಟೆಯಲ್ಲಿ ನಡೆದರೆ ಕೊಬ್ಬು ಬೇಗ ಕರಗುತ್ತದೆ ಎಂದು ಎಲ್ಲೋ ಕೇಳಿ, ಇನ್ಸುಲಿನ್ ಚುಚ್ಚಿಕೊಂಡೋ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿಯೋ ಹಾಗೇ ಹೊರಟುಬಿಡಬೇಡಿ. ಸಕ್ಕರೆ ಕುಸಿದು ಕಣ್ಣು ಕತ್ತಲಿಟ್ಟು ಬಿದ್ದವರು ನನ್ನ ಬಳಿಗೆ ಮುರಿದ ಮುಂಗೈಯೊಂದಿಗೆ ಬರುತ್ತಾರೆ. ಜೇಬಿನಲ್ಲಿ ಸಕ್ಕರೆ ಪೊಟ್ಟಣವೋ ಗ್ಲೂಕೋಸೋ ಇರಲಿ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆಯುವುದು ಬೇಡವೇ ಬೇಡ. ಬೂಟಿನೊಳಗೆ ಕಲ್ಲು ಸೇರಿದ್ದೂ ಗೊತ್ತಾಗದೆ ಹುಣ್ಣಾದ ಪಾದಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಎಲ್ಲರಿಗೂ ಒಂದೇ ಅಳತೆ ಹಿಡಿಯುವುದಕ್ಕೆ ಇನ್ನೊಂದು ಮಗ್ಗುಲೂ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ 46ನೆಯ ವಯಸ್ಸಿಗೇ ನಮ್ಮನ್ನು ಅಗಲಿದರು. ನಾಡಿಗೆ ನಾಡೇ ಅತ್ತಿತು. ಆ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು, ಎಷ್ಟೋ ಹುಡುಗರು ಜಿಮ್ಮಿಗೆ ಹೋಗುವುದನ್ನು ಬಿಟ್ಟರು. ಒಬ್ಬರ ಸಾವಿನಿಂದ ಎಲ್ಲರಿಗೂ ಒಂದು ನಿಯಮ ಮಾಡಿಕೊಂಡದ್ದು ಅದು. ಗಟ್ಟಿ ಹೃದಯದ ಹುಡುಗ ಹೆದರಿ ಮನೆಯಲ್ಲಿ ಕೂತ. ಅಪ್ಪನನ್ನೋ ಅಣ್ಣನನ್ನೋ ನಲವತ್ತರ ಆಸುಪಾಸಿನಲ್ಲಿ ಹೃದಯಾಘಾತಕ್ಕೆ ಕಳೆದುಕೊಂಡವನು ನಿಜಕ್ಕೂ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು. ಅವನು ಸಾಲಿನಲ್ಲಿ ನಿಂತನೋ ಇಲ್ಲವೋ. ಮನೆತನದಲ್ಲಿ ಅಂಥ ಸಾವು ಆಗಿದ್ದರೆ, ಶ್ರಮಪಟ್ಟಾಗ ಎದೆ ಹಿಂಡಿದರೆ, ತಲೆ ಸುತ್ತಿ ಬಿದ್ದದ್ದಿದ್ದರೆ, ಜೋರಾದ ವ್ಯಾಯಾಮ ಶುರು ಮಾಡುವ ಮುನ್ನ ವೈದ್ಯರನ್ನು ನೋಡಲೇಬೇಕು.

ಯಾರಾದರೂ ಮೊದಲ ಸಲ ಬಂದಾಗ ನಾನು ಮಾಡುವುದು ಸರಳ. ಕೈ ಊರದೆ ಕುರ್ಚಿಯಿಂದ ಏಳಿ ಎನ್ನುತ್ತೇನೆ, ನೋಡುತ್ತಾ ನಿಲ್ಲುತ್ತೇನೆ. ಒಬ್ಬರು ಎರಡು ಸಲ ಮುಂದಕ್ಕೆ ತೂಗಿ ಆಮೇಲೆ ಏಳುತ್ತಾರೆ, ಅವರ ತೊಡೆಯಲ್ಲಿ ಬಲವಿಲ್ಲ. ಇನ್ನೊಬ್ಬರು ಏಳುವಾಗ ಭಾರವನ್ನೆಲ್ಲ ಬಲಗಾಲಿಗೆ ಹಾಕುತ್ತಾರೆ, ಎಡ ಮಂಡಿ ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳಿರುವುದಿಲ್ಲ. ಮತ್ತೊಬ್ಬರ ಮಂಡಿಗಳು ಏಳುವಾಗ ಒಂದಕ್ಕೊಂದು ತಾಗುವಷ್ಟು ಒಳಕ್ಕೆ ವಾಲುತ್ತವೆ, ಅವರಿಗೆ ಸೊಂಟದ ಪಕ್ಕದ ಸ್ನಾಯುವಿನಿಂದ ಕೆಲಸ ಶುರು ಮಾಡಬೇಕು. ಮೂವರೂ ಹೇಳುವ ದೂರು ‘ಮಂಡಿ ನೋವು’ ಎಂದೇ. ಮೂವರಿಗೂ ಕೊಡುವ ವ್ಯಾಯಾಮ ಬೇರೆ.

ಇಷ್ಟು ನೋಡಲು ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷ ಎಲ್ಲರಿಗೂ ಸಿಗುತ್ತಿಲ್ಲ ಎಂಬುದು ನನ್ನ ನೋವು. ವಿಡಿಯೊ ಪುಕ್ಕಟೆ ಸಿಗುತ್ತದೆ, ನೋಡುವ ಕಣ್ಣು ಎಷ್ಟೋ ಊರುಗಳಲ್ಲಿ ಇಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಒಬ್ಬ ಫಿಸಿಯೋಥೆರಪಿಸ್ಟ್ ಬೇಕು ಎಂದು ನಾವೆಲ್ಲ ಕೇಳಬೇಕು. ಅಲ್ಲಿಯವರೆಗೆ, 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆಯ ತಪಾಸಣೆ ಉಚಿತವಾಗಿ ಆಗುತ್ತದೆ. ಹೋಗಿ ಮಾಡಿಸಿಕೊಳ್ಳಿ. ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ: ನುಂಗುತ್ತಿರುವ ಮಾತ್ರೆಗಳ ಹೆಸರು, ಮನೆತನದಲ್ಲಿರುವ ಕಾಯಿಲೆ, ಹಿಂದೆ ಮುರಿದ ಮೂಳೆ, ಆಗಿರುವ ಆಪರೇಶನ್ನು. ವ್ಯಾಯಾಮ ಮಾಡಿದ ಮಾರನೆಯ ಬೆಳಗ್ಗೆ ನೋವು ಇನ್ನೂ ಜಾಸ್ತಿಯೇ ಇರುತ್ತದೋ, ಇಳಿದಿರುತ್ತದೋ ಎಂಬುದನ್ನೂ ಬರೆಯಿರಿ. ನೀವು ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಾಗಿರಲಿ, ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರಾಗಿರಲಿ, ದಿನಕ್ಕೆ ಎಷ್ಟು ಗಂಟೆ, ಯಾವ ಭಂಗಿಯಲ್ಲಿ ಕೂತು ದುಡಿಯುತ್ತೀರಿ ಎಂಬುದನ್ನು ಚೀಟಿಯ ಮೊದಲ ಸಾಲಿನಲ್ಲೇ ಹಾಕಿ. ಅಲ್ಲಿನವರು ಕೇಳದಿದ್ದರೆ ನೀವೇ ಓದಿ ಹೇಳಿ.